ಬೆಸುಗೆ ಹಾಕ್ಸೋ ಮುಂಚೆ ನಟ್ಟು ಬೋಲ್ಟು ನೋಡಿ ಸ್ವಾಮಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಹಳೇ ಕಾರೋ ಜೀಪೋ ಇಟ್ಕೊಂಡಿರೋ ಯಾರನ್ನಾದ್ರೂ ಮಾತಾಡಿಸಿ ನೋಡಿ. ಮಳೆ ಬೆಳೆ, ತಂಬಾಕಿನ ರೇಟು ಎಲ್ಲ ಆದ ಮೇಲೆ ಮಾತು ನೇರವಾಗಿ ರೇಡಿಯೇಟರಿಗೆ ಬಂದು ನಿಲ್ಲುತ್ತೆ. "ಹೋದ ತಿಂಗಳು ತಾನೇ ಬೆಸುಗೆ ಹಾಕ್ಸಿದ್ದೆ, ಮತ್ತೆ ಅದೇ ಜಾಗದಲ್ಲಿ ಸೋರ್ತಾ ಇದೆ" ಅನ್ನೋದು ಮಾಮೂಲಿ ದೂರು. ಅದಾದ ಮೇಲೆ ಬೆಸುಗೆಯವರ ಕೈಗೆ, ಅವರು ಹಾಕಿದ ಸೀಸಕ್ಕೆ, ಕೊನೆಗೆ ಅವರ ನಿಯತ್ತಿಗೆ ಒಂದಷ್ಟು ಬೈಗುಳ....

ನನ್ನ ವಾದ ಏನಪ್ಪಾ ಅಂದ್ರೆ, ಬಹಳ ಸಲ ಬೈಸ್ಕೊಳ್ಳಬೇಕಾದವರು ಅವರಲ್ಲ. ಒಂದು ಸಲ ಸೋರಿದ್ರೆ ರೇಡಿಯೇಟರ್ ಹಳೇದಾಯ್ತು ಅನ್ನೋಣ. ಅದೇ ಜಾಗದಲ್ಲಿ ಎರಡನೇ ಸಲ ಸೋರಿದ್ರೆ ಅದು ರೇಡಿಯೇಟರಿನ ಕಾಯಿಲೆ ಅಲ್ಲ, ಅದನ್ನ ಕೂರಿಸಿರೋ ರೀತಿಯ ಕಾಯಿಲೆ. ನಾವು ಸೋರೋ ಕಡೆ ಮಾತ್ರ ನೋಡ್ತೀವಿ, ಅಲ್ಲಾಡೋ ಕಡೆ ನೋಡೋದೇ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಹಳೇ ಕಾರು ಅಂದ ಕೂಡಲೇ ಶ್ರೀರಂಗಪಟ್ಟಣದ ಹತ್ತಿರ ಇರೋ 'ಪಯಣ' ಮ್ಯೂಸಿಯಂ ನೆನಪಿಸಿಕೊಳ್ಳಬೇಡಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳು ಅವು, ಚೆನ್ನಾಗಿವೆ, ಒಂದು ಸಲ ಹೋಗಿ ನೋಡಬೇಕಾದ್ದೇ. ಆದರೆ ನೆರಳಲ್ಲಿ ನಿಂತ ಕಾರಿಗೆ ಬಿಸಿ ಏರೋದಿಲ್ಲ. ನಾನು ಹೇಳ್ತಿರೋದು ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ನಿಂತು, ಮದುವೆಗೆ, ಸಂತೆಗೆ, ಊರ ಹಬ್ಬಕ್ಕೆ ಇನ್ನೂ ರಸ್ತೆಗೆ ಬರೋ ಗಾಡಿಗಳ ಬಗ್ಗೆ. ಬಾಂಬೆಯಲ್ಲಿ ಮಹೀಂದ್ರದವರು 1947ರಲ್ಲಿ ಜೋಡಿಸೋಕೆ ಶುರು ಮಾಡಿದ ವಿಲ್ಲೀಸ್ ಜೀಪಿನ ವಂಶದವು, 2014ರಲ್ಲಿ ತಯಾರಿಕೆ ನಿಂತು ಹೋದ ಅಂಬಾಸಿಡರ್, ಫಿಯೆಟ್ 1100, ಅದಕ್ಕೇ ಆಮೇಲೆ 1974ರಲ್ಲಿ ಪದ್ಮಿನಿ ಅಂತ ಹೆಸರು ಬಿದ್ದ ಕಾರು. ಇವಕ್ಕೆಲ್ಲ ಹಳೇ ಕಾಲದ ಹಿತ್ತಾಳೆ ಟ್ಯಾಂಕು, ಹಿತ್ತಾಳೆ ಟ್ಯೂಬು, ತಾಮ್ರದ ರೆಕ್ಕೆಗಳ ರೇಡಿಯೇಟರು. ಎಲ್ಲ ಸೀಸ-ತವರದ ಬೆಸುಗೆಯಿಂದ ಹಿಡ್ಕೊಂಡಿರೋದು.

ಈ ಬೆಸುಗೆಯ ಗುಣ ಗೊತ್ತಿದ್ರೆ ಅರ್ಧ ಸಮಸ್ಯೆ ಅರ್ಥ ಆದ ಹಾಗೆ. ಅದು ಮೆತ್ತಗಿನ ಲೋಹ. ನೀರನ್ನ ತಡೆಯೋಕೆ ಬಲು ಚೆನ್ನ, ಎಳೆತ ತಡೆಯೋಕೆ ಏನೇನೂ ಸಾಲದು. ಒಂದು ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡ್ತೀವಲ್ಲ, ಹಾಗೇ ಪ್ರತಿ ಗುಂಡಿಗೂ ಒಂದೊಂದು ಸಲ ರೇಡಿಯೇಟರ್ ತಿರುಚಿದ್ರೆ ಮೇಲಿನ ಟ್ಯಾಂಕು ಕೋರಿಗೆ ಸೇರೋ ಅಂಚಲ್ಲಿ ಕೂದಲೆಳೆಯಷ್ಟು ಬಿರುಕು ಬರುತ್ತೆ. ಅದರ ಮೇಲೆ ಎಷ್ಟು ಸೀಸ ಸುರಿದರೂ ಮತ್ತೆ ಅಲ್ಲೇ ಬಿರುಕು. ಬೆಸುಗೆಯವರು ಏನು ಮಾಡ್ತಾರೆ ಪಾಪ?

ಈಗ ಜೀಪನ್ನೇ ತಗೊಳ್ಳಿ. ಹಳೇ ವಿಲ್ಲೀಸ್ ಮಾದರಿಯಲ್ಲಿ ರೇಡಿಯೇಟರ್ ಕೂತಿರೋದು ಚಾಸಿಯ ಮುಂದಿನ ಅಡ್ಡಪಟ್ಟಿ ಮೇಲೆ. ಕೆಳಗೆ ಎರಡು ಕಡೆ ಬೋಲ್ಟು, ಮಧ್ಯೆ ಮೆತ್ತನೆ ಪ್ಯಾಡು. ಮೇಲೆ ತಲೆ ಹತ್ತಿರದಿಂದ ಒಂದು ಸಣ್ಣ ಕಬ್ಬಿಣದ ಸ್ಟೇ ರಾಡು ಹೊರಟು ಇಂಜಿನ್ ಮೇಲೆ ಹಾದು ಹಿಂದಿನ ತಗಡು ಗೋಡೆಗೆ ಸೇರುತ್ತೆ. ಇಷ್ಟೇ. ಇದನ್ನ ಮಾಡಿದ ಪುಣ್ಯಾತ್ಮರಿಗೆ ಏಣಿಯಂಥ ಚಾಸಿ ಹೊಲದ ಬದು ಹತ್ತುವಾಗ ತಿರುಚುತ್ತೆ ಅಂತ ಗೊತ್ತಿತ್ತು. ಅದಕ್ಕೇ ಕೆಳಗೆ ಪ್ಯಾಡು ಕೊಟ್ರು, ಚಾಸಿ ತಿರುಚಿದ್ರೂ ರೇಡಿಯೇಟರ್ ತಿರುಚಬಾರದು ಅಂತ. ಮೇಲೆ ರಾಡು ಕೊಟ್ರು, ಹಿಂದೆ ಮುಂದೆ ತೂಗಾಡಬಾರದು ಅಂತ.

ನಮ್ಮಲ್ಲಿ ಆಗೋದೇನು? ಪ್ಯಾಡು ಕೊಳೆತು ಪುಡಿಯಾಗಿರುತ್ತೆ. ಅದರ ಜಾಗಕ್ಕೆ ಎರಡು ವಾಷರ್ ಹಾಕಿ, ಪಾನಾಗೆ ಪೈಪು ಸಿಕ್ಕಿಸಿ ಬಿಗಿದುಬಿಡ್ತಾರೆ. ಗಟ್ಟಿ ಆಯ್ತು ಅಂತ ಸಮಾಧಾನ! ಈಗ ಚಾಸಿಯ ಪ್ರತಿಯೊಂದು ತಿರುಚೂ ಸೀದಾ ಹಿತ್ತಾಳೆ ಟ್ಯಾಂಕಿಗೆ ಬರುತ್ತೆ. ಸ್ಟೇ ರಾಡಂತೂ ಎಷ್ಟೋ ಜೀಪುಗಳಲ್ಲಿ ಇರೋದೇ ಇಲ್ಲ. ಯಾವತ್ತೋ ಇಂಜಿನ್ ಕೆಲಸಕ್ಕೆ ಬಿಚ್ಚಿದ್ದು, "ಇದೇನು ಬೇಕಾಗಿಲ್ಲ ಬಿಡಿ" ಅಂತ ಹೇಳಿ ಮೂಲೆಗೆ ಹೋಗಿರುತ್ತೆ. ಮೂಲ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂರಿಸಿದ ಜೀಪುಗಳಲ್ಲಿ ಇನ್ನೂ ಕಷ್ಟ. ಡೀಸೆಲ್ಲಿನ ನಡುಕವೇ ಬೇರೆ, ರೇಡಿಯೇಟರನ್ನ ಎರಡಿಂಚು ಮುಂದೆ ತಳ್ಳಿರ್ತಾರೆ, ಹೋಸು ಅಡ್ಡಾದಿಡ್ಡಿ ಬಗ್ಗಿರುತ್ತೆ. ಬಗ್ಗಿದ ಹೋಸು ಒಳಗೊಳಗೇ ಕುತ್ತಿಗೆಯನ್ನ ಎಳೀತಾನೇ ಇರುತ್ತೆ. ಆಮೇಲೆ ಕುತ್ತಿಗೆ ಬುಡದಲ್ಲಿ ಸೋರಿಕೆ. ಹೋಸು ಅಂದ್ರೆ ನೀರು ಸಾಗಿಸೋ ನಳಿಗೆ ಮಾತ್ರ ಅಲ್ಲ ಕಣ್ರೀ, ಅಲ್ಲಾಡೋ ಇಂಜಿನ್ನಿಗೂ ಅಲ್ಲಾಡಬಾರದ ರೇಡಿಯೇಟರಿಗೂ ಮಧ್ಯೆ ಇರೋ ಮೆತ್ತನೆ ಸಂಧಾನಕಾರ ಅದು. ಕಲ್ಲಿನಂತೆ ಗಟ್ಟಿಯಾದ ಹಳೇ ಹೋಸು ಬಿಟ್ಟು ಬರೀ ರೇಡಿಯೇಟರ್ ಬೆಸುಗೆ ಹಾಕಿಸೋದು ದುಡ್ಡು ದಂಡ.

ಕಾರುಗಳಲ್ಲಿ ತೊಂದರೆ ಸ್ವಲ್ಪ ಬೇರೆ ಥರ. ಅಂಬಾಸಿಡರಿನ ಇಂಜಿನ್ ಮೌಂಟಿನ ರಬ್ಬರು ಎಣ್ಣೆ ಕುಡಿದು ಕುಡಿದು ಮೆತ್ತಗಾಗಿ ಕುಸಿಯುತ್ತೆ. ಇಂಜಿನ್ ಒಂದು ಕಡೆ ವಾಲುತ್ತೆ. ಜೋರಾಗಿ ಬ್ರೇಕ್ ಹಾಕಿದಾಗ ಇಂಜಿನ್ ಮುಂದಕ್ಕೆ ಜಗ್ಗಿ ಫ್ಯಾನು ಕೋರನ್ನ ಕೆರೆಯುತ್ತೆ. ರೇಡಿಯೇಟರ್ ಹಿಂಭಾಗದಲ್ಲಿ ದುಂಡಗೆ ಬಳೆ ಗುರುತಿನ ಥರ ಗೀರು ಕಂಡ್ರೆ ಬೆಸುಗೆ ಅಂಗಡಿಗೆ ಓಡಬೇಡಿ. ಮೊದಲು ಇಂಜಿನ್ ಮೌಂಟ್ ಬದಲಾಯಿಸಿ. ಇಂಜಿನ್ ಆಫ್ ಮಾಡಿ, ಫ್ಯಾನಿಗೂ ಕೋರಿಗೂ ಮಧ್ಯೆ ಹೆಬ್ಬೆರಳು ಆರಾಮಾಗಿ ಆಡುತ್ತಾ ನೋಡಿ. ಮೇಲೆ ಆಡಿ ಕೆಳಗೆ ಆಡದಿದ್ರೆ ಇಂಜಿನ್ನೋ ರೇಡಿಯೇಟರ್ರೋ ಎರಡರಲ್ಲಿ ಒಂದು ವಾಲಿದೆ ಅಂತ ಅರ್ಥ.

ಅಂದ ಹಾಗೆ ಜೀಪು ಇಟ್ಕೊಂಡು ಕಬಿನಿ ಹಿನ್ನೀರಿನ ಕಡೆ ಹಳ್ಳ ದಾಟೋ ಉತ್ಸಾಹಿಗಳಿಗೆ ಒಂದು ಮಾತು. ತಿರುಗೋ ಫ್ಯಾನು ನೀರಿಗೆ ಸಿಕ್ಕಿದ್ರೆ ದೋಣಿಯ ಪ್ರೊಪೆಲ್ಲರ್ ಥರ ಆಡುತ್ತೆ, ರೆಕ್ಕೆಗಳು ಮುಂದಕ್ಕೆ ಬಾಗಿ ಕೋರಿಗೆ ಹೊಡೀತವೆ. ಆಳದ ನೀರಾದ್ರೆ ಫ್ಯಾನ್ ಬೆಲ್ಟ್ ಕಳಚಿ ದಾಟೋದು ಹಳಬರ ಪದ್ಧತಿ. ದಾಟಿದ ಮೇಲೆ ವಾಪಸ್ ಹಾಕೋದು ಮರೀಬೇಡಿ :)

ಸೋರಿಕೆ ಎಲ್ಲಿಂದ ಅಂತ ಪತ್ತೆ ಮಾಡೋದೂ ಒಂದು ಶಿಸ್ತು. ಹಸಿರು ಅಥವಾ ಬಿಳಿ ಕಿಲುಬಿನ ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲೇ ತೂತು, ಅದು ತೊಟ್ಟಿಕ್ಕೋ ಜಾಗದಲ್ಲಲ್ಲ. ರೇಡಿಯೇಟರಿನ ಕೆಳಗೆ ನೀರು ಕಂಡಿತು ಅಂತ ರೇಡಿಯೇಟರೇ ಸೋರ್ತಿದೆ ಅನ್ನೋಕೂ ಆಗಲ್ಲ. ವಾಟರ್ ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇರುತ್ತೆ, ಸೀಲು ಹೋದಾಗ ಅಲ್ಲಿಂದ ನೀರು ಬಂದು ಫ್ಯಾನಿನ ಗಾಳಿಗೆ ಎಲ್ಲ ಕಡೆ ಎರಚುತ್ತೆ. ಇನ್ನೊಂದು, ಹೊರಗೆ ಎಲ್ಲೂ ಸೋರದೆ ನೀರು ಕಮ್ಮಿ ಆಗ್ತಾ ಇದ್ರೆ, ತಣ್ಣಗಿರೋವಾಗಲೇ ಮುಚ್ಚಳ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿ. ಒಂದೇ ಸಮನೆ ಗುಳ್ಳೆ ಬರ್ತಾ ಇದ್ರೆ ಅದು ಹೆಡ್ ಗ್ಯಾಸ್ಕೆಟ್ ಕತೆ. ಅದಕ್ಕೆ ರೇಡಿಯೇಟರ್ ಬಿಚ್ಚಿ ಪ್ರಯೋಜನ ಇಲ್ಲ. ಬಿಸಿ ಇರೋವಾಗ ಮಾತ್ರ ದಯವಿಟ್ಟು ಮುಚ್ಚಳ ಮುಟ್ಟಬೇಡಿ. ಗೋಣಿಚೀಲ ಹಾಕಿ ತಿರುಗಿಸೋ ಶೂರರನ್ನ ನೋಡಿದೀನಿ, ಒಳಗಿನ ನೀರು ನೂರು ಡಿಗ್ರಿ ಮೀರಿರುತ್ತೆ, ಮುಖಕ್ಕೆ ಬಂದ್ರೆ ಗೋಣಿಚೀಲ ಏನೂ ಕಾಪಾಡಲ್ಲ.

ಮುಚ್ಚಳದ ವಿಷಯ ಬಂತಲ್ಲ, ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಈ ತಾಲ್ಲೂಕುಗಳು ಸಮುದ್ರಮಟ್ಟದಿಂದ ಏಳೆಂಟು ನೂರು ಮೀಟರ್ ಎತ್ತರದಲ್ಲಿವೆ. ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತೆ. ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಟ್ಟು ಆ ಕುದಿಯೋ ಬಿಂದುವನ್ನ ಮೇಲೆ ಏರಿಸುತ್ತೆ. ಹಳೇ ಗಾಡಿಗಳ ಮುಚ್ಚಳ 4 ಪೌಂಡು, 7 ಪೌಂಡು ಒತ್ತಡದ್ದು. 7 ಪೌಂಡಿದ್ರೆ ನೀರು 109-110 ಡಿಗ್ರಿವರೆಗೂ ಕುದಿಯದೆ ತಡೆಯುತ್ತೆ. ಮುಚ್ಚಳದ ರಬ್ಬರು ಹೋಗಿದ್ರೆ ಈ ಲಾಭ ಸೊನ್ನೆ, ಗಾಡಿ ಸುಮ್ಮಸುಮ್ಮನೆ ಕುದಿಯುತ್ತೆ. ಅದಕ್ಕೆ ಅಂಗಡೀಲಿ ಸಿಕ್ಕ ಈಗಿನ ಕಾರಿನ ಮುಚ್ಚಳ ಹಾಕಿದ್ರೆ? ಅದು 13-15 ಪೌಂಡು ಹಿಡಿಯುತ್ತೆ. ಮುಚ್ಚಳ ಸರಿಯಾಗೇ ಕೂರುತ್ತೆ, ಕುದಿಯೋದೂ ನಿಲ್ಲುತ್ತೆ, ಐವತ್ತು ವರ್ಷದ ಬೆಸುಗೆ ಮಾತ್ರ ಬಿಟ್ಟುಕೊಳ್ಳುತ್ತೆ. ಆಮೇಲೆ ಮತ್ತೆ ಬೆಸುಗೆಯವರಿಗೇ ಬೈಗುಳ!

ಇನ್ನು ಮನೆಮದ್ದು. ಅರಿಶಿನದ ಪುಡಿ, ಹಸಿ ಮೊಟ್ಟೆಯ ಬಿಳಿ ಭಾಗ, ಪ್ಯಾಕೆಟ್ಟಿನ ಲೀಕ್ ಸ್ಟಾಪ್ ಪುಡಿ. ರಾತ್ರಿ ಹೊತ್ತು ನಾಗರಹೊಳೆ ಕಾಡಿನ ಅಂಚಲ್ಲಿ ಸಿಕ್ಕಿಹಾಕಿಕೊಂಡಿದ್ರೆ ಇದನ್ನ ಹಾಕಿ ಊರು ಸೇರಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಅರಿಶಿನಕ್ಕೆ ತೂತು ಯಾವುದು, ಟ್ಯೂಬು ಯಾವುದು ಅಂತ ಗೊತ್ತಾಗಲ್ಲ. ಬೋರ್‌ವೆಲ್ಲಿನ ಗಡಸು ನೀರು ಮೊದಲೇ ಟ್ಯೂಬಿನೊಳಗೆ ಸುಣ್ಣ ಕಟ್ಟಿರುತ್ತೆ, ಅದರ ಮೇಲೆ ಇದು ಗಾರೆ ಮಾಡಿದ ಹಾಗೆ. ಊರು ಸೇರಿದ ಮೇಲೆ ಪೂರಾ ತೊಳೆಸಲೇಬೇಕು. ಎಂ-ಸೀಲ್ ಮೆತ್ತೋದೂ ಅಷ್ಟೇ, ಅದನ್ನ ಕೆರೆದು ತೆಗೆಯೋ ಹೊತ್ತಿಗೆ ಬೆಸುಗೆಯವರ ಅರ್ಧ ದಿನ ಹೋಗಿರುತ್ತೆ.

ನಮ್ಮ ಕಡೆಗೇ ವಿಶೇಷವಾದ ಇನ್ನೊಂದು ತೊಂದರೆ ಇದೆ. ಸುಗ್ಗಿ ಬಂದ್ರೆ ಹುರುಳಿ, ರಾಗಿ ಎಲ್ಲ ಟಾರು ರಸ್ತೆ ಮೇಲೆ ಹಾಸ್ತಾರೆ, ಗಾಡಿಗಳ ಚಕ್ರವೇ ಕಣದ ಗುಂಡು. ರೈತರಿಗೆ ಕೂಲಿ ಉಳಿಯುತ್ತೆ, ಸರಿ. ಆದರೆ ಆ ಹೊಟ್ಟು ಹಾರಿ ಬಂದು ರೇಡಿಯೇಟರಿನ ರೆಕ್ಕೆಗಳ ಮಧ್ಯೆ ತುಂಬಿಕೊಂಡ್ರೆ ಗಾಳಿ ಹಾಯೋದಿಲ್ಲ. ಸೋರಿಕೆ ಇಲ್ಲದ ಗಾಡಿಯೂ ಕುದಿಯುತ್ತೆ. ಇದಕ್ಕೆ ಬೇಕಾಗಿರೋದು ಬೆಸುಗೆ ಅಲ್ಲ, ಹಿಂದಿನಿಂದ ಮುಂದಕ್ಕೆ, ಅಂದ್ರೆ ಇಂಜಿನ್ ಕಡೆಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯೋದು. ಕಾರು ತೊಳೆಯೋ ಅಂಗಡಿಯ ಜೋರು ಪೈಪು ಹಿಡಿದ್ರೆ ತಾಮ್ರದ ರೆಕ್ಕೆಗಳು ಮಡಚಿಕೊಂಡು ಗೋಡೆ ಆಗಿಬಿಡ್ತವೆ, ಹುಷಾರು.

ಈಗ ಜಗಳದ ವಿಷಯಕ್ಕೆ ಬರ್ತೀನಿ. "ಯಾಕೆ ಇಷ್ಟೆಲ್ಲ ತಲೆನೋವು, ಹೊಸಾ ಅಲ್ಯೂಮಿನಿಯಂ ರೇಡಿಯೇಟರ್ ಹಾಕ್ಸಿ ನೆಮ್ಮದಿಯಾಗಿರಿ" ಅನ್ನೋರು ಜಾಸ್ತಿ ಆಗಿದ್ದಾರೆ. ಅವರ ಮಾತಲ್ಲಿ ಹುರುಳಿಲ್ಲ ಅನ್ನಲ್ಲ. ತಾಮ್ರ ಅಲ್ಯೂಮಿನಿಯಂಗಿಂತ ಚೆನ್ನಾಗಿ ಶಾಖ ಸಾಗಿಸುತ್ತೆ ಅನ್ನೋದು ನಿಜವಾದ್ರೂ, ಅಲ್ಯೂಮಿನಿಯಂನಲ್ಲಿ ಅಗಲವಾದ ಟ್ಯೂಬು ಮಾಡಬಹುದು, ಹಗುರ, ಅಗ್ಗ. ಒಟ್ಟಿನಲ್ಲಿ ತಣ್ಣಗಿಡೋದರಲ್ಲಿ ಅದೇನೂ ಕಮ್ಮಿ ಇಲ್ಲ. 1970ರ ದಶಕದಲ್ಲಿ ಯುರೋಪಿನ ಕಾರುಗಳಲ್ಲಿ ಹರಡಿ, ಈಗ ಎಲ್ಲ ಕಡೆ ಅದೇ ಆಗಿರೋದು ಸುಮ್ಮನೆ ಅಲ್ಲ.

ಆದರೂ ನಾನು ಬೇಡ ಅಂತೀನಿ. ಮೊದಲನೇ ಕಾರಣ, ಬೇರೆ ಯಾವುದೋ ಗಾಡಿಗೆ ಮಾಡಿದ ರೇಡಿಯೇಟರನ್ನ ಇಲ್ಲಿ ಕೂರಿಸೋಕೆ ಹೊಸಾ ಪಟ್ಟಿ, ಹೊಸಾ ತೂತು, ಚಾಸಿಗೆ ವೆಲ್ಡಿಂಗ್ ಎಲ್ಲ ಬೇಕು. ಅಂದ್ರೆ ಮೂಲ ಸಮಸ್ಯೆ ಇದ್ದದ್ದೇ ಮೌಂಟಿಂಗಿನಲ್ಲಿ, ಅದನ್ನ ಇನ್ನಷ್ಟು ಕೆಡಿಸಿದ ಹಾಗಾಯ್ತು. ಅಲ್ಲಾಡೋ ಪಟ್ಟಿಗೆ ಹೊಸಾ ರೇಡಿಯೇಟರ್ ಕಟ್ಟಿದ್ರೆ ಅದೂ ಒಂದಿನ ಬಿರುಕು ಬಿಡುತ್ತೆ. ಆಗ ಅಲ್ಯೂಮಿನಿಯಂ ಕೋರಿಗೆ ಕ್ರಿಂಪ್ ಮಾಡಿದ ಪ್ಲಾಸ್ಟಿಕ್ ಟ್ಯಾಂಕನ್ನ ಹುಣಸೂರಿನಲ್ಲಿ ಯಾರು ರಿಪೇರಿ ಮಾಡ್ತಾರೆ? ಬಿಸಾಕಿ ಇನ್ನೊಂದು ತರಬೇಕು. ಹಿತ್ತಾಳೆಯದ್ದು ಹಾಗಲ್ಲ. ಟ್ಯಾಂಕು ಬಿಚ್ಚಿ, ಟ್ಯೂಬುಗಳಿಗೆ ಚಪ್ಪಟೆ ಕಂಬಿ ತೂರಿಸಿ ಸುಣ್ಣ ಕೆರೆದು, ಎರಡೂ ಬಾಯಿ ಮುಚ್ಚಿ, ಗಾಳಿ ತುಂಬಿ, ತೊಟ್ಟಿ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡಿ ಬೆಸುಗೆ ಹಾಕಿ ಮತ್ತೆ ಜೋಡಿಸಬಹುದು. ಈ ಕೆಲಸಕ್ಕೆ ಒಂದು ಬ್ಲೋ ಲ್ಯಾಂಪು, ಒಂದು ತೊಟ್ಟಿ, ಮತ್ತೆ ಒಂದು ಪಳಗಿದ ಕೈ ಸಾಕು. ಕೈ ಪಳಗಿರಲೇಬೇಕು, ಯಾಕಂದ್ರೆ ಒಂದು ಟ್ಯೂಬಿಗೆ ಹಾಕೋ ಶಾಖಕ್ಕೆ ಪಕ್ಕದ ಟ್ಯೂಬಿನ ಬೆಸುಗೆ ಕರಗಬಾರದು. ಗ್ಯಾಸ್ ವೆಲ್ಡಿಂಗಿನವರ ಹತ್ತಿರ ರೇಡಿಯೇಟರ್ ಕೊಟ್ಟರೆ ಅದೇ ಆಗೋದು.

ಎರಡನೇ ಕಾರಣ ಆ ಕೈಗೆ ಸಂಬಂಧಪಟ್ಟಿದ್ದು. ಹಿತ್ತಾಳೆ ರೇಡಿಯೇಟರುಗಳು ಕಮ್ಮಿ ಆದಷ್ಟೂ ಆ ಕೆಲಸದವರು ಟೈರು ಪಂಕ್ಚರಿಗೋ, ಮೈಸೂರಿಗೋ ಹೋಗ್ತಾರೆ. ನಮ್ಮಂಥೋರು ಚೌಕಾಸಿ ಮಾಡೋದಂತೂ ಬಿಡಲ್ಲ. ಸಾವಿರಾರು ರೂಪಾಯಿ ಕೊಟ್ಟು ಬಂಪರಿಗೆ ಕ್ರೋಮ್ ಮಾಡಿಸೋನು ಬೆಸುಗೆಗೆ ನೂರು ರೂಪಾಯಿ ಜಾಸ್ತಿ ಆಯ್ತು ಅಂತಾನೆ. ಸೀಸದ ಹೊಗೆ, ಆಸಿಡ್ಡಿನಲ್ಲಿ ಸತು ಕರಗಿಸಿ ಮಾಡಿದ ಫ್ಲಕ್ಸಿನ ಘಾಟು ಕುಡಿಯೋರು ಅವರು. ಆ ಹೊಗೆ ದೇಹಕ್ಕೆ ಒಳ್ಳೇದಲ್ಲ, ಮುಚ್ಚಿದ ಕೋಣೆಯಲ್ಲಿ ಮಾಡೋ ಕೆಲಸವೇ ಅಲ್ಲ ಅದು. ಆ ಆಸಿಡ್ ಉಳಿದ್ರೆ ರೇಡಿಯೇಟರನ್ನೂ ತಿನ್ನುತ್ತೆ, ಹಾಗಾಗಿ ಕೆಲಸ ಆದ ಮೇಲೆ ಸೋಡಾ ಹಾಕಿದ ನೀರಲ್ಲಿ ತೊಳೀತಾರೋ ಇಲ್ವೋ ನೋಡಿ. ತೊಳೆಯೋರಿಗೆ ಕೇಳಿದಷ್ಟು ಕೊಡಿ.

ಜೊತೆಗೆ ಗುಜರಿಯವರ ಆಸೆ. ಹಳೇ ಕೋರಿನಲ್ಲಿರೋ ತಾಮ್ರ ಹಿತ್ತಾಳೆಗೆ ಒಳ್ಳೇ ರೇಟಿದೆ. "ಇದು ಆಗಲ್ಲ ಸಾರ್, ಹೊಸಾದು ಹಾಕ್ಸಿ, ಹಳೇದು ಇಲ್ಲೇ ಇರ್ಲಿ" ಅಂತ ಯಾರಾದ್ರೂ ತುಂಬಾ ಉದಾರವಾಗಿ ಹೇಳಿದ್ರೆ ಹಳೇದನ್ನ ಕಂಕುಳಲ್ಲಿ ಇಟ್ಕೊಂಡು ಮನೆಗೆ ಬನ್ನಿ. ಕೋರು ಹೋಗಿದ್ರೂ ಮೇಲಿನ ಕೆಳಗಿನ ಟ್ಯಾಂಕು, ಪಕ್ಕದ ಪಟ್ಟಿಗಳು ನಿಮ್ಮ ಗಾಡಿಯ ಅಳತೆಯವು. ಹೊಸಾ ಕೋರು ಸಿಗುತ್ತೆ, ಆ ಟ್ಯಾಂಕು ಸಿಗಲ್ಲ.

ಕಾನೂನೂ ಇದರಲ್ಲಿ ಸ್ವಲ್ಪ ಬರುತ್ತೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಮೊದಮೊದಲ ಪದ್ಮಿನಿಗಳೂ ಈಗ ಐವತ್ತು ದಾಟಿವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ರಿಪೇರಿಗೆ ಬಿಟ್ಟು ದಿನಬಳಕೆಗೆ ಓಡಿಸೋ ಹಾಗಿಲ್ಲ. ಸಂತೆಗೆ ಹೋಗೋ ಅಂಬಾಸಿಡರಿಗೆ ಅದು ಆಗಿಬರಲ್ಲ. ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಫೀಸು ಕಾರಿಗೆ 2022ರಲ್ಲಿ 600ರಿಂದ 5,000 ಆಯ್ತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000. ಇಷ್ಟು ದುಡ್ಡು ಸರ್ಕಾರಕ್ಕೆ ಕಟ್ಟಿ ಗಾಡಿ ಉಳಿಸಿಕೊಳ್ಳೋರು, ಆಮೇಲೆ ನೂರಿನ್ನೂರು ರೂಪಾಯಿಯ ರಬ್ಬರ್ ಪ್ಯಾಡು ಹಾಕಿಸದೆ ಹೆಡ್ಡು ಬಿರುಕು ಬಿಡಿಸಿಕೊಳ್ಳೋದು ನೋಡಿದ್ರೆ ಏನು ಹೇಳೋದು?

ಮುಂದಿನ ಸಲ ರೇಡಿಯೇಟರ್ ಬಿಚ್ಚಿದಾಗ ಅದು ಅಂಗಡಿಯಲ್ಲಿರೋ ಎರಡು ದಿನ ಸುಮ್ಮನೆ ಕೂರಬೇಡಿ. ಅಡ್ಡಪಟ್ಟಿ ತೊಳೆದು ಬಿರುಕಿದೆಯಾ ನೋಡಿ. ಬೋಲ್ಟಿನ ತೂತು ಮೊಟ್ಟೆಯಾಕಾರ ಆಗಿದ್ರೆ ತುಂಬಿಸಿ ಹೊಸದಾಗಿ ಕೊರೆಸಿ. ಲಾರಿ ಟೈರಿನ ಒಳಗಿನ ಫ್ಲಾಪಿನಿಂದ ಎರಡು ಒಳ್ಳೇ ಪ್ಯಾಡು ಕತ್ತರಿಸಬಹುದು. ಬೋಲ್ಟನ್ನ ರಬ್ಬರು ಸ್ವಲ್ಪ ಉಬ್ಬೋವರೆಗೆ ಮಾತ್ರ ಬಿಗಿದು ಲಾಕ್ ನಟ್ ಹಾಕಿ, ಚಪ್ಪಟೆ ಆಗೋವರೆಗೆ ಬೇಡ. ಸ್ಟೇ ರಾಡು ಕೊನೆಯಲ್ಲಿ, ಅದು ರೇಡಿಯೇಟರನ್ನ ಎಳೀಬಾರದು, ತಳ್ಳಲೂಬಾರದು, ಸುಮ್ಮನೆ ಹಿಡಿದಿರಬೇಕು. ಎರಡೂ ಹೋಸು ಹೊಸದು. ಮತ್ತೆ ಹಳೇ ಕೂಲೆಂಟನ್ನ ಅಂಗಳಕ್ಕೆ ಚೆಲ್ಲಬೇಡಿ, ಸಿಹಿಯಾಗಿರುತ್ತೆ, ನಾಯಿ, ಕರು ನೆಕ್ಕಿದ್ರೆ ಮೂತ್ರಪಿಂಡ ಕೆಟ್ಟು ಸಾಯ್ತವೆ. ಡಬ್ಬದಲ್ಲಿ ಹಿಡಿದು ಮುಚ್ಚಿಡಿ.

ಕೆ.ಆರ್.ನಗರ, ಪಿರಿಯಾಪಟ್ಟಣ ಕಡೆಯ ಓದುಗರು ಯಾರಾದ್ರೂ ಇದ್ರೆ, ನಿಮ್ಮಲ್ಲಿ ಟ್ಯಾಂಕು ಬಿಚ್ಚಿ ಕಂಬಿ ಹೊಡೆಯೋ ಕೈ ಇನ್ನೂ ಉಳಿದಿದೆಯಾ ತಿಳಿಸಿ. ಊರು, ಬೀದಿ ಹೇಳಿದ್ರೆ ಸಾಕು, ಹುಡುಕ್ಕೊಂಡು ಬರ್ತೀವಿ.